ಆಡೋದು ಬೇರೆ, ಆಡಿಸೋದು ಬೇರೆ

ಕಳೆದ ವರ್ಷ ನಮ್ಮ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಟೀಮಿಗೆ ಕೋಚ್ ಇರಲಿಲ್ಲ. ಹುಡುಗರಿಗೆ ವಾರಕ್ಕೆ ಮೂರು ದಿನ ಒಬ್ಬರು ಸರ್ ಬರುತ್ತಿದ್ದರು. ಅವರ ಪ್ರಾಕ್ಟೀಸ್ ಮುಗಿದ ಮೇಲೆ ಉಳಿದ ಬಾಲು, ಉಳಿದ ಬೆಳಕು ನಮ್ಮದು. ಆರು ಜನ ಬಂದರೆ ಅವತ್ತು ಹಬ್ಬ. ಇಂಥ ಟೀಮನ್ನು ಕೈಗೆ ತಗೊಂಡಿದ್ದು ಹೊರಗಿನವರು ಯಾರೂ ಅಲ್ಲ, ನಮ್ಮದೇ ಪಾಯಿಂಟ್ ಗಾರ್ಡ್, ಈಗ ಫೈನಲ್ ಇಯರ್‌ನಲ್ಲಿರುವ ಕುದೂರಿನ ಅಕ್ಕ. ಹೆಸರು ಹಾಕಿದ್ರೆ ಪ್ರಾಕ್ಟೀಸ್‌ನಲ್ಲಿ ಹತ್ತು ರೌಂಡ್ ಜಾಸ್ತಿ ಅಂತ ಹೆದರಿಸಿದ್ದಾಳೆ. ಹಾಗಾಗಿ ಇಲ್ಲಿ ಬರೀ 'ಅಕ್ಕ'.

ಕುದೂರು ಮಾಗಡಿ ತಾಲ್ಲೂಕಿನ ಒಂದು ಹೋಬಳಿ. ಗೊತ್ತಾಗಲಿಲ್ಲ ಅಂದ್ರೆ, ಸಾಲುಮರದ ತಿಮ್ಮಕ್ಕ ಆಲದ ಸಸಿ ನೆಟ್ಟು, ನೀರು ಹೊತ್ತು ಬೆಳೆಸಿದ ಆ ರಸ್ತೆ ಇದೆಯಲ್ಲ, ಹುಲಿಕಲ್‌ನಿಂದ ಅದು ಹೋಗೋದು ಕುದೂರಿಗೇ. ಅಕ್ಕ ಹೈಸ್ಕೂಲಲ್ಲಿ ಆಡಿದ್ದು ಖೋಖೋ. ಬ್ಯಾಸ್ಕೆಟ್‌ಬಾಲ್ ಮುಟ್ಟಿದ್ದು ಪಿಯುಸಿಗೆ ಅಂತ ಊರು ಬಿಟ್ಟು ಹಾಸ್ಟೆಲ್ ಸೇರಿದ ಮೇಲೆ. ಕಂಬ ಸುತ್ತಿ ಓಡಿದ ಕಾಲು ಅಲ್ವಾ, ಡಿಫೆನ್ಸ್‌ನಲ್ಲಿ ಅವಳನ್ನು ದಾಟೋಕೆ ಇವತ್ತಿಗೂ ನಮ್ಮ ಕೈಲಿ ಆಗಲ್ಲ.

ಅವಳು ಕೋಚ್ ಆಗ್ತೀನಿ ಅಂದಾಗ ನಾವು ಅಂದುಕೊಂಡಿದ್ದು, ತನಗೆ ಬರೋದನ್ನೆಲ್ಲ ನಮಗೂ ಹೇಳಿಕೊಡ್ತಾಳೆ ಅಂತ. ಮೊದಲ ವಾರ ಏನೂ ಹೇಳಿಕೊಡಲಿಲ್ಲ. ಒಂದು ಪ್ರಾಕ್ಟೀಸ್ ಮ್ಯಾಚ್ ಇತ್ತು. ಕಾಲು ಉಳುಕಿಸಿಕೊಂಡು ಬೆಂಚಲ್ಲಿ ಕೂತಿದ್ದವಳ ಕೈಗೆ ಒಂದು ಗ್ರಾಫ್ ಪುಸ್ತಕ ಕೊಟ್ಟು, ಯಾರು ಎಲ್ಲಿಂದ ಶಾಟ್ ಹೊಡೆದರು, ಒಳಗೆ ಹೋಯ್ತಾ ಇಲ್ವಾ, ಅಷ್ಟು ಮಾತ್ರ ಗುರುತು ಹಾಕು ಅಂದಳು. ನಾವು 46-31ರಲ್ಲಿ ಸೋತೆವು. ಆ ರಾತ್ರಿ ಮೆಸ್ಸಿನ ಟೇಬಲ್ ಮೇಲೆ ಪುಸ್ತಕ ಬಿಚ್ಚಿ ಕೂತಳು. ಬುಟ್ಟಿಯ ಹತ್ತಿರ ನುಗ್ಗಿ ಹೊಡೆದ 12 ಶಾಟ್‌ಗಳಲ್ಲಿ 7 ಒಳಗೆ: 14 ಪಾಯಿಂಟ್, ಅಂದ್ರೆ ಒಂದು ಶಾಟ್‌ಗೆ 1.17. ಮಧ್ಯದ ದೂರದಿಂದ 18ಕ್ಕೆ 4: ಒಂದು ಶಾಟ್‌ಗೆ 0.44. ಮೂರು ಪಾಯಿಂಟ್‌ನ ಗೆರೆಯ ಆಚೆಯಿಂದ 9ಕ್ಕೆ 1: 0.33. ಉಳಿದ 6 ಪಾಯಿಂಟ್ ಫ್ರೀ ಥ್ರೋದ್ದು.

'ನಿಮಗೆ ಶೂಟಿಂಗ್ ಬರಲ್ಲ ಅಂತ ನಾನು ಹೇಳ್ತಿಲ್ಲ ಕಣ್ರೇ, ಎಲ್ಲಿಂದ ಹೊಡೀಬೇಕು ಅನ್ನೋದು ಗೊತ್ತಿಲ್ಲ ಅಷ್ಟೆ' ಅಂದಳು. ಮುಂದಿನ ಎರಡು ವಾರ ಒಂದೇ ನಿಯಮ: ಬಾಲು ಒಮ್ಮೆಯಾದರೂ ಬುಟ್ಟಿ ಕೆಳಗಿನ ಪೇಂಟ್‌ಗೆ ಹೋಗಿ ಬರದೆ ಯಾರೂ ಶಾಟ್ ಹೊಡೆಯೋ ಹಾಗಿಲ್ಲ. ಪ್ರಾಬಬಿಲಿಟಿ ಪೇಪರ್‌ನಲ್ಲಿ ಎಕ್ಸ್‌ಪೆಕ್ಟೆಡ್ ವ್ಯಾಲ್ಯೂ ಬರೆದು ಮಾರ್ಕ್ಸ್ ತಗೊಂಡಿದ್ದ ನಮಗೆ ಅದು ಕೋರ್ಟಿನಲ್ಲಿ ಹೊಳೆದಿರಲಿಲ್ಲ ಅನ್ನೋದು ಸ್ವಲ್ಪ ನಾಚಿಕೆಯ ವಿಷಯವೇ.

ಎರಡನೆಯದು ಬಾಲಿನ ವಿಷಯ. ನಾವು ಅಷ್ಟು ದಿನ ಆಡುತ್ತಿದ್ದದ್ದು ಹುಡುಗರ 7ನೇ ಸೈಜ್ ಬಾಲಿನಲ್ಲಿ. ಹೆಂಗಸರ ಪಂದ್ಯಕ್ಕೆ ಇರೋದು 6ನೇ ಸೈಜ್. ಸುತ್ತಳತೆ ಸುಮಾರು 72 ಸೆಂಟಿಮೀಟರ್, ತೂಕ 510ರಿಂದ 550 ಗ್ರಾಂ ಒಳಗೆ. ಹುಡುಗರದ್ದು 580ರಿಂದ ಶುರುವಾಗಿ 620ರವರೆಗೂ ಹೋಗುತ್ತೆ. ದಿನಾ ಭಾರದ ಬಾಲಲ್ಲಿ ಅಭ್ಯಾಸ ಮಾಡಿ ಪಂದ್ಯದ ದಿನ ಹಗುರದ್ದು ಹಿಡಿದರೆ ಶಾಟ್ ಬೋರ್ಡಿಗೆ ಬಡಿದು ವಾಪಸ್. ನಮ್ಮ ಕೈಯೇ ಸರಿ ಇಲ್ಲ ಅಂದುಕೊಂಡಿದ್ದೆವು. ಬಾಲಿನ ಮೇಲೆ ಬರೆದ ನಂಬರ್ ಓದಿದವಳು ಅವಳೊಬ್ಬಳೇ. ಚಂದಾ ಎತ್ತಿ ಎರಡು ಬಾಲು ತಂದೆವು.

ನಮಗಿಂತ ಎರಡೇ ವರ್ಷ ದೊಡ್ಡವಳು ನಮಗೆ ಕೋಚ್ ಆಗೋದು ಅಂದ್ರೆ ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಪ್ಯಾಟ್ ಸಮಿಟ್ ಕಥೆ ಓದಿದೆವು. ಅಮೆರಿಕದ ಟೆನೆಸಿಯಲ್ಲಿ ರೈತರ ಮನೆಯ ಹುಡುಗಿ, ಹುಟ್ಟಿದ್ದು 1952ರಲ್ಲಿ. ಅವರಿದ್ದ ಊರಿನ ಹೈಸ್ಕೂಲಲ್ಲಿ ಹುಡುಗಿಯರ ಟೀಮ್ ಇರಲಿಲ್ಲ ಅಂತ, ಟೀಮ್ ಇದ್ದ ಪಕ್ಕದ ಊರಿಗೆ ಇಡೀ ಸಂಸಾರವೇ ಮನೆ ಬದಲಿಸಿತು. (ನಮ್ಮ ಮನೆಗಳಲ್ಲಿ ಟ್ಯೂಷನ್‌ಗಾಗಿ ಮನೆ ಬದಲಿಸಿದವರುಂಟು, ಬಾಸ್ಕೆಟ್‌ಗಾಗಿ ಯಾರೂ ಇಲ್ಲ.) ಕಾಲೇಜು ತಂಡದಲ್ಲಿ ಆಡಿ ಮುಗಿಸಿ, 1974ರಲ್ಲಿ, 22ನೇ ವಯಸ್ಸಿಗೆ ಟೆನೆಸಿ ವಿಶ್ವವಿದ್ಯಾಲಯದ ಮಹಿಳಾ ತಂಡದ ಮುಖ್ಯ ಕೋಚ್. ತಂಡದ ಕೆಲವರು ಅವರಿಗಿಂತ ಒಂದೇ ವರ್ಷ ಚಿಕ್ಕವರು. ತಿಂಗಳಿಗೆ 250 ಡಾಲರ್ ಸಂಬಳ. ಪಂದ್ಯಕ್ಕೆ ಹೋಗುವ ವ್ಯಾನ್ ಓಡಿಸೋದೂ ಅವರೇ, ಜರ್ಸಿ ಒಗೆಯೋದೂ ಅವರೇ. ಮೊದಲ ಪಂದ್ಯ ಒಂದು ಪಾಯಿಂಟಿನಲ್ಲಿ ಸೋಲು, 84-83. ಕೋಚ್ ಆದರೂ ಆಟ ಬಿಟ್ಟಿರಲಿಲ್ಲ. 1976ರಲ್ಲಿ ಒಲಿಂಪಿಕ್ಸ್‌ಗೆ ಮಹಿಳಾ ಬ್ಯಾಸ್ಕೆಟ್‌ಬಾಲ್ ಮೊದಲ ಸಲ ಬಂದಾಗ ಆಟಗಾರ್ತಿಯಾಗಿ ಬೆಳ್ಳಿ, 1984ರಲ್ಲಿ ಕೋಚ್ ಆಗಿ ಚಿನ್ನ. 38 ಸೀಸನ್, 1,098 ಗೆಲುವು, 8 ರಾಷ್ಟ್ರೀಯ ಪ್ರಶಸ್ತಿ. ನಮಗೆ ಇದೆಲ್ಲಕ್ಕಿಂತ ಆ ಜರ್ಸಿ ಒಗೆದ ಸಂಗತಿಯೇ ನಿಜ ಅನ್ನಿಸಿತು. ಯಾಕಂದ್ರೆ ನಮ್ಮ ಜರ್ಸಿ ಹಾಸ್ಟೆಲ್ ಟೆರೇಸ್ ಮೇಲೆ ಒಣಗೋದು ಅಕ್ಕನ ಕೈಯಿಂದಲೇ.

ಅಮೆರಿಕದ ಮಾತು ಅಲ್ಲಿಗೇ ಅಂತೀರಾ? ಭಾರತ ತಂಡದ ನಾಯಕಿಯಾಗಿದ್ದ ವಾರಾಣಸಿಯ ದಿವ್ಯಾ ಸಿಂಗ್ ಆಡಿದ ಮೇಲೆ ಡೆಲವೇರ್ ವಿಶ್ವವಿದ್ಯಾಲಯಕ್ಕೆ ಹೋಗಿ ಕ್ರೀಡಾ ನಿರ್ವಹಣೆ ಓದಿದರು. ಓದುತ್ತಲೇ ಅಲ್ಲಿನ ಮಹಿಳಾ ತಂಡದ ಜೊತೆ ಕೆಲಸ ಮಾಡಿದರು. ವಾಪಸ್ ಬಂದು 16 ವರ್ಷದೊಳಗಿನ ಭಾರತದ ಹುಡುಗರ ತಂಡಕ್ಕೆ ಸಹಾಯಕ ಕೋಚ್ ಆದರು. ಹುಡುಗರ ತಂಡಕ್ಕೆ! ಹುಡುಗಿಯರ ತಂಡಕ್ಕೆ ಗಂಡಸರು ಕೋಚ್ ಆದ್ರೆ ಯಾರೂ ಹುಬ್ಬೇರಿಸಲ್ಲ. 2017ರಲ್ಲಿ ನಮ್ಮ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲೇ ಭಾರತದ ಮಹಿಳೆಯರು ಕಜಕಿಸ್ತಾನವನ್ನು 75-73ರಲ್ಲಿ ಸೋಲಿಸಿ ಏಷ್ಯಾ ಕಪ್ 'ಬಿ' ವಿಭಾಗ ಗೆದ್ದಾಗ ಕೋಚ್ ಆಗಿದ್ದವರು ಸರ್ಬಿಯಾದ ಜೋರಾನ್ ವಿಸಿಚ್. ಅವರು ಒಳ್ಳೆಯ ಕೆಲಸವನ್ನೇ ಮಾಡಿದರು, ಅದಕ್ಕೆ ತಕರಾರಿಲ್ಲ. ಉಲ್ಟಾ ಮಾತ್ರ ಅಪರೂಪ.

ಅಕ್ಕ ನಿಜವಾಗಿ ಕೋಚ್ ಆಗಿದ್ದು ಮಾತ್ರ ನಮ್ಮ ಕೋರ್ಟಿನಲ್ಲಲ್ಲ, ರಜದಲ್ಲಿ ಕುದೂರಿನಲ್ಲಿ ಅಂತ ನಮಗನ್ನಿಸುತ್ತೆ. ನಾವು ನಾಲ್ಕು ಜನ ಅವಳ ಮನೆಗೆ ಹೋಗಿದ್ದೆವು. ಊರಿನ ಹೆಣ್ಣುಮಕ್ಕಳಿಗೆ ಹತ್ತು ದಿನ ಬ್ಯಾಸ್ಕೆಟ್‌ಬಾಲ್ ಹೇಳಿಕೊಡೋದು ಅಂತ ಪ್ಲ್ಯಾನ್. ಕೋರ್ಟ್ ಇಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಒಳವ್ಯಾಸ 45 ಸೆಂಟಿಮೀಟರ್ ಬರೋ ಹಾಗೆ ರಿಂಗ್ ಮಾಡಿಸಿ, ಮೈದಾನದ ಕಂಬಕ್ಕೆ 3.05 ಮೀಟರ್ ಎತ್ತರದಲ್ಲಿ ಕಟ್ಟಿದೆವು. ಟೇಪ್ ಹಿಡಿದು ಎರಡು ಸಲ ಅಳೆದೆವು, ಇಂಜಿನಿಯರುಗಳಲ್ವಾ. ಅವಳ ಅಮ್ಮ ಮೊರದಲ್ಲಿ ರಾಗಿ ಕೇರುತ್ತಾ, 'ಲಕ್ಷ ಲಕ್ಷ ಕಟ್ಟಿ ಓದ್ಸಿದ್ದು ಬಾಲು ಕುಟ್ಟಕ್ಕೇನವ್ವಾ?' ಅಂದರು. ನಮ್ಮನ್ನು ನೋಡಿ ನಕ್ಕರು, ಆದರೆ ಕೇಳಿದ್ದು ತಮಾಷೆಗಲ್ಲ.

ಮೊದಲ ದಿನ ಹನ್ನೊಂದು ಜನ ಬಂದರು, ಎಂಟರಿಂದ ಹನ್ನೆರಡರ ವಯಸ್ಸು. ಒಂದು ಬಾಲೂ ರಿಂಗ್ ಮುಟ್ಟಲಿಲ್ಲ. ಸೊಂಟದಿಂದ ಎರಡೂ ಕೈಯಲ್ಲಿ ಕೊಡ ಎತ್ತಿದ ಹಾಗೆ ಎಸೆಯುತ್ತಿದ್ದರು. ಎರಡನೇ ದಿನ ಏಳೇ ಜನ. ನಾವು ಮಕ್ಕಳಿಗೆ ಇನ್ನೂ ಜೋರಾಗಿ ಎಸೀರಿ ಅಂತ ಕೂಗುತ್ತಿದ್ದೆವು. ಅಕ್ಕ ಸಂಜೆ ಏಣಿ ತಂದು ರಿಂಗನ್ನೇ ಕೆಳಗಿಳಿಸಿದಳು, 2.60 ಮೀಟರಿಗೆ. ಚಿಕ್ಕ ಮಕ್ಕಳ ಮಿನಿ ಬ್ಯಾಸ್ಕೆಟ್‌ಬಾಲಿಗೆ ಇರುವ ಎತ್ತರವೇ ಅಷ್ಟಂತೆ, ಬಾಲು ಕೂಡ 5ನೇ ಸೈಜ್. ಎತ್ತರ ಇದ್ದರೆ ಮಗು ಬಲಕ್ಕಾಗಿ ಬೆನ್ನು ಬಗ್ಗಿಸಿ ತಪ್ಪು ಅಭ್ಯಾಸ ಕಲಿಯುತ್ತೆ, ಆಮೇಲೆ ಅದನ್ನು ಬಿಡಿಸೋದು ಕಷ್ಟ. ಮೂರನೇ ದಿನ ಒಬ್ಬಳು ಪುಟ್ಟಿಯ ಬಾಲು ಒಳಗೆ ಬಿತ್ತು. ಹತ್ತನೇ ದಿನಕ್ಕೆ ಹದಿನಾರು ಜನ. ಆಡೋರಾಗಿ ನಾವು ನೋಡಿದ್ದು ಮಕ್ಕಳ ಕೈಯನ್ನು, ಅವಳು ನೋಡಿದ್ದು ಕಂಬವನ್ನು.

ಈಗ ಅಮ್ಮನ ಪ್ರಶ್ನೆಗೆ ಬರೋಣ, ಅದು ನಮ್ಮಲ್ಲಿ ತುಂಬಾ ಜನರದ್ದೂ ಹೌದು. ಬಿಇ ಮಾಡಿದವರಿಗೆ ಈ ದಾರಿ ಇದೆಯಾ? ಇದೆ. ಪಟಿಯಾಲದಲ್ಲಿ 1961ರಲ್ಲಿ ಶುರುವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಎಲ್ಲರೂ ಎನ್‌ಐಎಸ್ ಅನ್ನೋದು, ಆರು ವಾರದ ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತೆ, ಒಂದು ವರ್ಷದ ಡಿಪ್ಲೊಮಾನೂ ಇದೆ. ಕೋಚ್ ಕೆಲಸಕ್ಕೆ ಕೇಳೋದು ಹೆಚ್ಚಾಗಿ ಆ ಡಿಪ್ಲೊಮಾ. ಅಲ್ಲಿ ನೀವು ಯಾವ ಮಟ್ಟದಲ್ಲಿ ಆಡಿದ್ದೀರಿ ಅನ್ನೋದಕ್ಕೆ ಬೆಲೆ, ಅದಕ್ಕೇ ಕಾಲೇಜಿನಲ್ಲಿ ಆಡಿದ ಪ್ರತಿ ಸರ್ಟಿಫಿಕೇಟ್ ಜೋಪಾನ ಮಾಡಿ. ಕಾಲೇಜು ತಂಡದಿಂದ ವಿಟಿಯು ತಂಡ, ಅಲ್ಲಿಂದ ಅಂತರ ವಿಶ್ವವಿದ್ಯಾಲಯ ಪಂದ್ಯ, ಇದು ಏಣಿ. ಶಾಲೆಯಲ್ಲಿ ಪಿಇ ಟೀಚರ್ ಆಗಬೇಕಾದರೆ ಎರಡು ವರ್ಷದ ಬಿಪಿಎಡ್. ಕಾಲೇಜಿನಲ್ಲಿ ಫಿಸಿಕಲ್ ಡೈರೆಕ್ಟರ್ ಆಗೋಕೆ ಎಂಪಿಎಡ್, ಜೊತೆಗೆ ನೆಟ್ ಅಥವಾ ಕೆಸೆಟ್. ಸಂಬಳ ಸಾಫ್ಟ್‌ವೇರಿನಷ್ಟು ಶುರುವಿಗೇ ಬರುತ್ತಾ? ಬರಲ್ಲ. ಇದನ್ನು ಮುಚ್ಚಿಟ್ಟು ಬರೆದರೆ ಓದಿದವರಿಗೆ ಮೋಸ.

ಅಕ್ಕನಿಗೆ ಪ್ಲೇಸ್‌ಮೆಂಟ್ ಆಗಿದೆ. ಎಜುಕೇಶನ್ ಲೋನ್ ಇದೆ, ಹಾಗಾಗಿ ಕೆಲಸಕ್ಕೆ ಸೇರ್ತಾಳೆ. ಎರಡು ವರ್ಷ ದುಡಿದು ಸಾಲ ತೀರಿಸಿ, ಮಧ್ಯೆ ರಜ ಸಿಕ್ಕಿದರೆ ಆರು ವಾರದ ಕೋರ್ಸ್ ಮುಗಿಸಿ, ಆಮೇಲೆ ಪಟಿಯಾಲ ಅಂತ ಮನೆಯಲ್ಲಿ ಮಾತಾಗಿದೆ. ಅಪ್ಪ ಹೂಂ ಅಂದಿದ್ದಾರೆ, ಅಮ್ಮ 'ನೋಡವ' ಅಂದಿದ್ದಾರೆ. ಜೂನ್ ಮೇಲೆ ನಮ್ಮ ಟೀಮಿಗೆ ಮತ್ತೆ ಕೋಚ್ ಇರಲ್ಲ. ಗ್ರಾಫ್ ಪುಸ್ತಕ ಮಾತ್ರ ನಮ್ಮ ಹತ್ತಿರ ಬಿಟ್ಟು ಹೋಗ್ತಾಳಂತೆ. ಕೊನೆಯ ಪುಟದಲ್ಲಿ ನಮ್ಮ ಪೈಕಿ ಇಬ್ಬರ ಹೆಸರು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾಳೆ.

ಪ್ರಾಕ್ಟೀಸ್ ಸಂಜೆ ಐದೂವರೆಗೆ. ಫಸ್ಟ್ ಇಯರ್‌ನವರು ಶೂ ಇಲ್ಲದಿದ್ದರೂ ಬನ್ನಿ, 6ನೇ ಸೈಜಿನ ಎರಡು ಬಾಲು ಇವೆ.