ಗರ್ಭಕಂಠದ ಕ್ಯಾನ್ಸರ್‌ಪೂರ್ವ ಬದಲಾವಣೆಗೆ ಶೀತ ಮತ್ತು ಶಾಖ ಚಿಕಿತ್ಸೆ: ಗ್ರಾಮ ಪಂಚಾಯತಿ ಸದಸ್ಯರ ತಿಳಿವಳಿಕೆಗಾಗಿ

ಗರ್ಭಕಂಠದ ಕ್ಯಾನ್ಸರ್ ಏಕಾಏಕಿ ಬರುವ ರೋಗವಲ್ಲ. ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ ಸೋಂಕು ದೀರ್ಘಕಾಲ ಉಳಿದಾಗ ಗರ್ಭಕಂಠದ ಜೀವಕೋಶಗಳು ಬದಲಾಗತೊಡಗುತ್ತವೆ. ಇವು ಕ್ಯಾನ್ಸರ್ ಆಗಿ ಪರಿಣಮಿಸಲು ಸಾಮಾನ್ಯವಾಗಿ 15ರಿಂದ 20 ವರ್ಷಗಳು ಹಿಡಿಯುತ್ತವೆ. ಈ ಅವಧಿಯಲ್ಲಿ ನೋವಾಗಲಿ ರಕ್ತಸ್ರಾವವಾಗಲಿ ಇಲ್ಲದಿರಬಹುದು, ತಪಾಸಣೆಯಿಂದಲೇ ತಿಳಿಯಬೇಕು.

ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ 30ರಿಂದ 65 ವರ್ಷದ ಮಹಿಳೆಯರಿಗೆ 5 ವರ್ಷಕ್ಕೊಮ್ಮೆ ತಪಾಸಣೆಯನ್ನು ನಿಗದಿಪಡಿಸಲಾಗಿದೆ. ಗರ್ಭಕಂಠಕ್ಕೆ ದುರ್ಬಲ ಅಸಿಟಿಕ್ ಆಮ್ಲ ಲೇಪಿಸಿ, ಒಂದು ನಿಮಿಷದ ನಂತರ ಬಿಳಿ ಮಚ್ಚೆ ಕಾಣುವುದೇ ಎಂದು ಪರೀಕ್ಷಿಸಲಾಗುತ್ತದೆ. ಮಚ್ಚೆ ಕಂಡರೆ ಕ್ಯಾನ್ಸರ್ ಎಂದರ್ಥವಲ್ಲ.

ಇಂತಹ ಬದಲಾವಣೆಯನ್ನು ಗರ್ಭಕೋಶ ತೆಗೆಯದೆಯೇ ನಾಶಪಡಿಸಬಹುದು. ಕ್ರಯೋಥೆರಪಿಯಲ್ಲಿ ಅನಿಲದಿಂದ ತಣಿಸಿದ ಉಪಕರಣವನ್ನಿಟ್ಟು 3 ನಿಮಿಷ ಹೆಪ್ಪುಗಟ್ಟಿಸಿ, 5 ನಿಮಿಷ ಬಿಟ್ಟು, ಮತ್ತೆ 3 ನಿಮಿಷ ಹೆಪ್ಪುಗಟ್ಟಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಮಾರ್ಗಸೂಚಿ ಹೊರಡಿಸಿದ ಥರ್ಮಲ್ ಅಬ್ಲೇಶನ್‌ನಲ್ಲಿ ಸುಮಾರು 100 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಕೆಲವೇ ಸೆಕೆಂಡುಗಳ ಕಾಲ ನೀಡಲಾಗುತ್ತದೆ. ಇದಕ್ಕೆ ಅನಿಲದ ಸಿಲಿಂಡರ್ ಬೇಡ. ಎರಡಕ್ಕೂ ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಉಳಿಯಬೇಕಾಗಿಲ್ಲ.

ಆದರೆ ಇದು ಎಲ್ಲರಿಗೂ ಸಲ್ಲದು. ಗರ್ಭಿಣಿಯರಿಗೆ, ಮಚ್ಚೆಯು ಗರ್ಭಕಂಠದ ಒಳನಾಳಕ್ಕೆ ಹಬ್ಬಿದ್ದರೆ ಅಥವಾ ಕ್ಯಾನ್ಸರಿನ ಶಂಕೆಯಿದ್ದರೆ ಈ ವಿಧಾನ ಅನುಸರಿಸುವುದಿಲ್ಲ. ಶಂಕೆಯಿದ್ದವರನ್ನು ತಡಮಾಡದೆ ಕಿದ್ವಾಯಿಯಂತಹ ಉನ್ನತ ಆಸ್ಪತ್ರೆಗೆ ಕಳುಹಿಸತಕ್ಕದ್ದು. ಚಿಕಿತ್ಸೆಯ ನಂತರ ಕೆಲವು ವಾರ ನೀರಿನಂತಹ ಸ್ರಾವ ಸಹಜ. ಸುಮಾರು 4 ವಾರ ಲೈಂಗಿಕ ಸಂಪರ್ಕ ಬೇಡ. ಜ್ವರ, ದುರ್ವಾಸನೆ ಅಥವಾ ಅಧಿಕ ರಕ್ತಸ್ರಾವವಿದ್ದರೆ ಕೂಡಲೇ ವೈದ್ಯರನ್ನು ಕಾಣಬೇಕು. ಒಂದು ವರ್ಷದ ನಂತರ ಮರುತಪಾಸಣೆ ಅಗತ್ಯ.

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಾರ್ಖಾನೆ ಹಾಗೂ ಕಚೇರಿಗಳಿಗೆ ದುಡಿಯಲು ಹೋಗುವ ಮಹಿಳೆಗೆ ಎರಡನೆಯ ಭೇಟಿಯೆಂದರೆ ಒಂದು ದಿನದ ಕೂಲಿ ನಷ್ಟ. ಬಾಡಿಗೆ ಮನೆ ಬದಲಿಸಿದರೆ ಆಕೆಯನ್ನು ಹುಡುಕುವುದೂ ಕಷ್ಟ. ಚಿಕಿತ್ಸೆ ಪಡೆಯದಿದ್ದರೆ ತಪಾಸಣೆ ನಿಷ್ಫಲ. ಆದುದರಿಂದ ಸದಸ್ಯರು:

1. ಶಿಬಿರವನ್ನು ವಾರದ ರಜೆಯ ದಿನ ಏರ್ಪಡಿಸುವಂತೆ ತಾಲ್ಲೂಕು ಆರೋಗ್ಯಾಧಿಕಾರಿಗಳನ್ನು ಕೋರುವುದು. ಚಿಕಿತ್ಸೆ ಅಂದೇ ದೊರೆಯುವುದೇ, ಇಲ್ಲವಾದರೆ ಎಲ್ಲಿ, ಎಂದು ಮೊದಲೇ ತಿಳಿದುಕೊಳ್ಳುವುದು.
2. ಬಾಡಿಗೆ ವಠಾರಗಳ ವಲಸೆ ಮಹಿಳೆಯರೂ ಆಶಾ ಕಾರ್ಯಕರ್ತೆಯರ ಪಟ್ಟಿಯಲ್ಲಿರುವಂತೆ ನೋಡಿಕೊಳ್ಳುವುದು.
3. ಫಲಿತಾಂಶವನ್ನು ಸಭೆಯಲ್ಲಾಗಲಿ ಬೇರೆಡೆಯಾಗಲಿ ಹೆಸರು ಹೇಳಿ ಚರ್ಚಿಸದಿರುವುದು.