ಗಾಳ ಹಾಕುವ ಮುನ್ನ

ಮಳೆ ಬಂದು ಕೆರೆ ತುಂಬಿದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮಕ್ಕಳ ಕೈಗೆ ಗಾಳ ಬರುತ್ತದೆ. ಆದರೆ ಮಕ್ಕಳೇ, ಕೆರೆಯ ಮೀನಿಗೂ ಒಡೆಯರಿರುತ್ತಾರೆ! ಕಾಟ್ಲಾ, ರೋಹು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಕೆರೆಯನ್ನು ಗುತ್ತಿಗೆ ಹಿಡಿದವರು ದುಡ್ಡು ಕೊಟ್ಟು ಮರಿ ತಂದು ಬಿಟ್ಟಿರುತ್ತಾರೆ. ಮೊದಲು ಅವರನ್ನು ಅಥವಾ ಮೀನುಗಾರಿಕೆ ಇಲಾಖೆಯವರನ್ನು ಕೇಳಿ.

ಕೊರಮೀನು ಹಾಗಲ್ಲ. ಅದು ಕೆರೆಯಲ್ಲೇ ಮೊಟ್ಟೆಯಿಟ್ಟು, ಮರಿಗಳ ಗುಂಪನ್ನು ಕಾಯುತ್ತದೆ. ಗಾಳಕ್ಕೆ ಕಟ್ಟಿದ ರಬ್ಬರ್ ಕಪ್ಪೆಗೂ ಎರಗುತ್ತದೆ. ಕಾಯುವ ಮೀನು ಸಿಕ್ಕಿಬಿದ್ದರೆ ಮರಿಗಳು ಬೇರೆ ಮೀನುಗಳ ಪಾಲು. ಮರಿಗಳ ಗುಂಪು ಕಂಡಲ್ಲಿ ಗಾಳ ಬೇಡ.

ಮೀನಿಗಾಗಿ ನೀರಿಗೆ ವಿಷ, ಸಿಡಿಮದ್ದು ಹಾಕುವುದಂತೂ ಅಪರಾಧ.

ತಾತ-ಅಜ್ಜಿಯರೇ, ಮೊಮ್ಮಕ್ಕಳ ಜೊತೆ ದಡದಲ್ಲಿರಿ. ಮುರಿದ ಗಾಳ, ತುಂಡಾದ ದಾರವನ್ನು ಮನೆಗೆ ತನ್ನಿ. ಬೆಳ್ಳಕ್ಕಿಯ ಕಾಲಿಗೆ ಸುತ್ತಿಕೊಂಡೀತು.