ಸೋದರಿಕೆ, ವಂಶಸ್ಮೃತಿ ಮತ್ತು ಹುಟ್ಟುಕಿವುಡು: ಮಂಡ್ಯ ಸೀಮೆಯನ್ನು ಕುರಿತು

ಜನಪದ ಪರಂಪರೆಯು ಬಾಯಿಯಿಂದ ಕಿವಿಗೆ ಹರಿದುಬಂದದ್ದು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದೊಂದಿಗೆ ಹೆಣೆದುಕೊಂಡಿರುವ ಮಂಟೇಸ್ವಾಮಿ ಕಾವ್ಯವನ್ನು ನೀಲಗಾರರು ಹಾಡಿ, ಕೇಳಿ, ಮತ್ತೆ ಹಾಡಿ ಉಳಿಸಿದ್ದಾರೆ. ಇಂತಹ ಸೀಮೆಯಲ್ಲಿ ಹುಟ್ಟಿನಿಂದಲೇ ಕೇಳಿಸದ ಮಗು ಮಾತಿನಿಂದಲೂ ಪರಂಪರೆಯಿಂದಲೂ ದೂರ ಉಳಿಯುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿಗಳ ಸೋದರಿಕೆಯ ಮದುವೆಗೂ ಹುಟ್ಟುಕಿವುಡಿಗೂ ಇರುವ ಸಂಬಂಧವನ್ನು ಹಾಗೂ ಈ ವಿಷಯದಲ್ಲಿ ಜಾನಪದ ಅಧ್ಯಯನದ ಪಾತ್ರವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಒಳಗಿವಿಯ ರಚನೆಯು ಭ್ರೂಣದ ನಾಲ್ಕನೆಯ ವಾರದಲ್ಲಿಯೇ ಆರಂಭವಾಗುತ್ತದೆ. ತಲೆಯ ಇಕ್ಕೆಲಗಳಲ್ಲಿ ಹೊರಪದರವು ದಪ್ಪವಾಗಿ, ಒಳಕ್ಕೆ ಬಾಗಿ, ಚೀಲವಾಗುತ್ತದೆ. ಅದರ ಒಂದು ಭಾಗ ನೀಳವಾಗಿ ಬೆಳೆದು ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಳ್ಳುತ್ತದೆ. ಇದೇ ಕಾಕ್ಲಿಯಾ. ಇದರೊಳಗಿನ ಸುಮಾರು 15 ಸಾವಿರ ರೋಮಕೋಶಗಳು ಧ್ವನಿಯ ಕಂಪನವನ್ನು ನರಸಂಕೇತವಾಗಿ ಪರಿವರ್ತಿಸುತ್ತವೆ. ಹಕ್ಕಿಗಳಲ್ಲಿ ನಾಶವಾದ ರೋಮಕೋಶಗಳು ಮರಳಿ ಹುಟ್ಟುತ್ತವೆ, ಮನುಷ್ಯರಲ್ಲಿ ಹುಟ್ಟುವುದಿಲ್ಲ. ಕಾಕ್ಲಿಯಾದ ನೆರೆಕೋಶಗಳ ನಡುವೆ ಪೊಟ್ಯಾಸಿಯಂ ಮೊದಲಾದವುಗಳಿಗೆ ದಾರಿಯಾಗುವ ಪ್ರೋಟೀನು ಕನೆಕ್ಸಿನ್ 26. ಇದರ ವಂಶವಾಹಿ ಕೆಟ್ಟರೆ ಹುಟ್ಟುಕಿವುಡು ಬರುತ್ತದೆಂದು 1997ರಲ್ಲಿ ತಿಳಿದುಬಂದಿತು. ಭಾರತದಲ್ಲಿ ಈ ವಂಶವಾಹಿಯ ಒಂದು ದೋಷವು ಒಂದೇ ಪೂರ್ವಮೂಲದಿಂದ ಹರಡಿರುವುದನ್ನು 2003ರ ಅಧ್ಯಯನವೊಂದು ತೋರಿಸಿದೆ.

ಈ ದೋಷವು ತಂದೆ ಮತ್ತು ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಮಗು ಕಿವುಡಾಗುತ್ತದೆ. ಒಂದೇ ಪ್ರತಿಯನ್ನು ಹೊತ್ತವರಿಗೆ ಚೆನ್ನಾಗಿಯೇ ಕೇಳಿಸುತ್ತದೆ. ಸೋದರಮಾವನಲ್ಲಿರುವ ದೋಷವು ಅಕ್ಕನ ಮಗಳಲ್ಲಿಯೂ ಇರುವ ಸಂಭವ ನಾಲ್ಕರಲ್ಲಿ ಒಂದು. ಸೋದರತ್ತೆ, ಸೋದರಮಾವಂದಿರ ಮಕ್ಕಳ ನಡುವೆ ಎಂಟರಲ್ಲಿ ಒಂದು. ಇಬ್ಬರಲ್ಲಿಯೂ ಇದ್ದರೆ ಪ್ರತಿ ಬಸಿರಿನಲ್ಲಿ ಮಗು ಕಿವುಡಾಗುವ ಸಂಭವ ನಾಲ್ಕರಲ್ಲಿ ಒಂದು. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನಡೆದ ನವಜಾತ ಶಿಶುಗಳ ಅಧ್ಯಯನದಲ್ಲಿ ಹಿಂದೂ ದಂಪತಿಗಳ ಪೈಕಿ ಸುಮಾರು ಮೂರನೇ ಒಂದು ಭಾಗ ರಕ್ತಸಂಬಂಧಿಗಳಾಗಿದ್ದುದು ಗಮನಾರ್ಹ. ‘ಬೆಡಗು ಬೇರೆಯಾದರೆ ರಕ್ತವೂ ಬೇರೆ’ ಎಂಬ ತಿಳಿವಳಿಕೆ ಇಲ್ಲಿ ಸಾಲದು. ಬೆಡಗು ತಂದೆಯ ಸಾಲನ್ನಷ್ಟೇ ಎಣಿಸುತ್ತದೆ. ಅಕ್ಕನ ಮಗಳು ತನ್ನ ತಂದೆಯ ಬೆಡಗಿಗೆ ಸೇರುವುದರಿಂದ ವರಸೆಯ ನಿಯಮ ಮುರಿಯುವುದಿಲ್ಲ. ವಂಶವಾಹಿಯಾದರೋ ತಾಯಿಯ ಸಾಲಿನಲ್ಲಿಯೂ ಸಮಾನವಾಗಿ ಹರಿಯುತ್ತದೆ.

ಕಿವುಡಿಗೆ ಜನಪದ ನಂಬಿಕೆಯು ಗ್ರಹಣವನ್ನೋ ದೇವರ ಮುನಿಸನ್ನೋ ಕಾರಣವಾಗಿಸುತ್ತದೆ. ಕೊನೆಗೆ ದೋಷವೆಲ್ಲ ಬಸುರಿಯ ತಲೆಗೆ ಬರುತ್ತದೆ. ಕೇಳಿಸದ್ದರಿಂದ ಮಾತು ಕಲಿಯದ ಮಗುವನ್ನು, ಧ್ವನಿಯ ಅಂಗಗಳು ಸರಿಯಾಗಿದ್ದರೂ, ‘ಮೂಗ’ ಎಂದು ಕರೆಯಲಾಗುತ್ತದೆ. ತಂದೆತಾಯಿಗಳಿಬ್ಬರ ಪಾಲೂ ಸಮಾನವೆಂದು ವಿಜ್ಞಾನವು ತಿಳಿಸುವುದರಿಂದ ತಾಯಿಯೊಬ್ಬಳನ್ನೇ ದೂರುವುದಕ್ಕೆ ಆಧಾರವಿಲ್ಲ.

ಹಾಗೆಂದು ಸೋದರಿಕೆಯನ್ನು ಹಳಿಯುವುದು ಇಲ್ಲಿನ ಆಶಯವಲ್ಲ. ಹೊಲಮನೆ, ನೆಂಟಸ್ತಿಕೆಗಳನ್ನು ಅದು ಕಾಯ್ದುಕೊಂಡಿದೆ. ಇಂತಹ ದಂಪತಿಗಳ ಬಹುಪಾಲು ಮಕ್ಕಳಿಗೆ ಕೇಳಿಸುತ್ತದೆ. ಹುಟ್ಟುಕಿವುಡಿಗೆ ಸೋಂಕು, ಅವಧಿಪೂರ್ವ ಜನನ ಮೊದಲಾದ ಬೇರೆ ಕಾರಣಗಳೂ ಉಂಟು. ಆದರೆ ನಾಲ್ಕೈದು ತಲೆಮಾರುಗಳ ನಂಟನ್ನು ತಡವರಿಸದೆ ಹೇಳಬಲ್ಲ ಅಜ್ಜಿಯರ ವಂಶಸ್ಮೃತಿಯು, ಯಾವ ಮನೆಯ ಕೂಸನ್ನು ಮೊದಲು ಪರೀಕ್ಷಿಸಬೇಕೆಂಬುದಕ್ಕೆ ದಾರಿ ತೋರಬಲ್ಲದು. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಸೀಮೆಗೆ ಹತ್ತಿರದಲ್ಲಿಯೇ ಇದೆ. ನೋವಿಲ್ಲದ ಕಿವಿ ಪರೀಕ್ಷೆಯನ್ನು ಹುಟ್ಟಿದ ಕೆಲವೇ ದಿನಗಳಲ್ಲಿ ಮಾಡಬಹುದು. ಬೇಗ ತಿಳಿದಷ್ಟೂ ಶ್ರವಣಸಾಧನ, ಕಾಕ್ಲಿಯಾ ಕಸಿ ಅಥವಾ ಸಂಜ್ಞಾಭಾಷೆಯ ಮೂಲಕ ಮಗುವಿಗೆ ಭಾಷೆ ಒದಗುತ್ತದೆ. ಕ್ಷೇತ್ರಕಾರ್ಯದಲ್ಲಿ ವಂಶಾವಳಿಗಳನ್ನು ಸಂಗ್ರಹಿಸುವ ಜಾನಪದ ವಿದ್ವಾಂಸರು ಮನೆಯವರ ಒಪ್ಪಿಗೆ ಪಡೆದು, ಅವರ ಗುಟ್ಟನ್ನು ಕಾಪಾಡಿ, ಶ್ರವಣತಜ್ಞರೊಡನೆ ಕೈಜೋಡಿಸುವುದು ಇಂದಿನ ಅಗತ್ಯವಾಗಿದೆ.